ಜೂನ್ ಒಂದರ ಮಕ್ಕಳು

ಜೂನ್ ಒಂದರಂದು ಹುಟ್ಟಿದವರ ಶ್ವಾಸಕೋಶ ದುರ್ಬಲ ಎಂದು ಮುಂಗಾಣಿ ಹೇಳಿ ಮೂರು ವರ್ಷ ಕಳೆದಿತ್ತು. ಅಷ್ಟರಲ್ಲಿ ಜನ ಅದಕ್ಕೆ ಹೊಂದಿಕೊಂಡೂ ಆಗಿತ್ತು.

ಮುಂಗಾಣಿ ಎಂದರೆ ಧಾರವಾಡದ ದತ್ತಾಂಶ ಭವನದ ನೆಲಮಾಳಿಗೆಯಲ್ಲಿದ್ದ ಯಂತ್ರ. ರಾಜ್ಯದ ಎಲ್ಲರ ದವಾಖಾನೆ ಚೀಟಿ, ರಕ್ತಪರೀಕ್ಷೆ, ಎಕ್ಸ್-ರೇ, ಹುಟ್ಟಿದ ದಿನ, ಸತ್ತ ದಿನ ಎಲ್ಲವನ್ನೂ ಅದು ಓದಿಕೊಂಡಿತ್ತು. ಯಾವುದರ ಜೊತೆ ಯಾವುದು ಹೆಚ್ಚಾಗಿ ಬರುತ್ತದೆ ಎಂದು ಹೇಳುವುದಷ್ಟೇ ಅದರ ಕೆಲಸ. ಕಾರಣ ಹುಡುಕುವುದಕ್ಕೆ ಮನುಷ್ಯರಿದ್ದರು, ಆ ಕೆಲಸದಲ್ಲಿ ಮನುಷ್ಯರು ಯಾವತ್ತೂ ಸೋಮಾರಿಗಳಾದವರಲ್ಲ. ಮೂವತ್ತೈದು ದಾಟಿದವರಲ್ಲಿ ಜೂನ್ ಒಂದರಂದು ಹುಟ್ಟಿದವರಿಗೆ ಉಸಿರಿನ ಕಾಯಿಲೆ ಉಳಿದವರಿಗಿಂತ ಮೂರು ಪಟ್ಟು ಎಂದು ಯಂತ್ರ ಹೇಳಿದ್ದೇ ತಡ, ಸಿದ್ಧಾಂತವೊಂದು ತಯಾರಾಯಿತು. ಮೊದಲ ಮಳೆಗೆ ನೆಲದಿಂದ ಏಳುವ ಬೂಷ್ಟಿನ ಕಣಗಳು ಹಸುಗೂಸಿನ ಶ್ವಾಸಕೋಶ ಹೊಕ್ಕು, ಮೂವತ್ತು ಚಿಲ್ಲರೆ ವರ್ಷ ತೆಪ್ಪಗೆ ಕೂತಿದ್ದು, ಆಮೇಲೆ ತಲೆ ಎತ್ತುತ್ತವಂತೆ. ಮೂವತ್ತು ವರ್ಷ ಕಾದು ಸುಳ್ಳು ಎಂದು ತೋರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಭವನದವರು ಹುಷಾರಿಗೆ ಇರಲಿ ಎಂದು ಹಿಂದೊಂದು ವಾರ, ಮುಂದೊಂದು ವಾರ ಸೇರಿಸಿ, ಆ ದಿನಗಳಲ್ಲಿ ಹೆರಿಗೆ ಬೇಡ ಎಂದು ಆಸ್ಪತ್ರೆಗಳಿಗೆ ಸಲಹೆ ಕಳಿಸಿದ್ದರು. ಹಾಗಾಗಿ ಮೇ ಇಪ್ಪತ್ತೈದರಿಂದ ಜೂನ್ ಎಂಟರವರೆಗೆ ಹೆರಿಗೆ ಕೋಣೆಗಳು ಖಾಲಿ ಹೊಡೆಯುತ್ತಿದ್ದವು. ಅದಕ್ಕೆ ಮುಂಚಿನ ವಾರ ಕಾರಿಡಾರಿನಲ್ಲೂ ಮಂಚ ಹಾಕಬೇಕಾಗುತ್ತಿತ್ತು. ರೋಹಿಣಿ ಮಳೆಯ ದೋಷ ತಮಗೆ ಮೊದಲೇ ಗೊತ್ತಿತ್ತು ಎಂದು ಜ್ಯೋತಿಷಿಗಳು ಹೇಳಿಕೊಂಡರು. ಹೊಸದಾಗಿ ಮದುವೆಯಾದ ಹುಡುಗಿಯರನ್ನು ಆಷಾಢಕ್ಕೆ ತವರಿಗೆ ಕರೆಸುತ್ತಿದ್ದ ಹಿರಿಯರು ಈಗ ಬೆರಳು ಮಡಚಿ ತಿಂಗಳು ಎಣಿಸಿ ಭಾದ್ರಪದಕ್ಕೂ ಕರೆಸತೊಡಗಿದರು. ಅಳಿಯಂದಿರು ಗೊಣಗಿದರು, ಆದರೆ ಕೇಳುವವರಾರು?

ನೀಲಗಂಗಾ ಸೇಡಂ ಕಡೆಯ ಶಾಲೆಗಳಲ್ಲಿ ಮೂವತ್ತಾರು ವರ್ಷ ಗಣಿತ, ವಿಜ್ಞಾನ ಕಲಿಸಿ ಹಿಂದಿನ ವರ್ಷವಷ್ಟೇ ನಿವೃತ್ತರಾದವರು. ಚೊಚ್ಚಲ ಹೆರಿಗೆಗೆ ಮಗಳು ತಾಯಿಯ ಮನೆಗೆ ಬರುವುದು ವಾಡಿಕೆ; ಇಲ್ಲಿ ತಾಯಿಯೇ ಧಾರವಾಡದ ಮಗಳ ಮನೆಗೆ ಬಂದು ಕೂತಿದ್ದರು. ಎಂಟನೇ ತರಗತಿಗೆ ಡಿಜಿಟಲ್ ತಂತ್ರಜ್ಞಾನದ ಹೊಸ ಪುಸ್ತಕ ಬರೆಯುವ ಸಮಿತಿಗೆ ಅವರನ್ನು ಸೇರಿಸಿಕೊಂಡಿದ್ದೂ ಅದಕ್ಕೆ ಅನುಕೂಲವಾಯಿತು. ಹಳ್ಳಿ ಶಾಲೆ ಕಂಡವರೊಬ್ಬರು ಇರಲಿ ಎಂಬುದು ಸಮಿತಿಯ ಲೆಕ್ಕಾಚಾರ. ನಾಲ್ಕು ಸಭೆಗಳಲ್ಲಿ ಅವರು ಚಹಾ ಕುಡಿದು, ಕೊಟ್ಟ ಕಡೆ ಸಹಿ ಮಾಡಿ ಬಂದಿದ್ದರು.

ಮಗಳು ಸ್ಫೂರ್ತಿ ನೀರಾವರಿ ಇಲಾಖೆಯ ಎಂಜಿನಿಯರು. ಅವಳಿಗೆ ದಿನ ತುಂಬುವುದು ಜೂನ್ ಹದಿನಾಲ್ಕಕ್ಕೆ. ಆದರೆ ಕೂಸು ಅಷ್ಟು ದಿನ ಒಳಗೆ ಕೂತಿರುತ್ತದೆ ಎಂಬ ಖಾತ್ರಿ ಯಾರು ಕೊಡುತ್ತಾರೆ? ನಡುವೆ ಕೆಟ್ಟ ಹದಿನೈದು ದಿನ ಬರುತ್ತಿತ್ತಲ್ಲ. ಆಸ್ಪತ್ರೆಯವರು ಮೇ ಇಪ್ಪತ್ತೆರಡು, ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆ ಎಂದು ಬರೆದುಕೊಟ್ಟರು.

"ಮೂರು ವಾರಾ ಮುಂಚೇನ ತಗದ್ರ ಕೂಸಿಗಿ ಏನೂ ಆಗಲ್ಲೇನು?" ಎಂದು ನೀಲಗಂಗಾ ಕೇಳಿದ್ದರು.

"ಹತ್ತರಾಗ ಒಂದಕ್ಕ ಉಸಿರಾಟದ ತ್ರಾಸ ಆಗ್ತದಂತ. ಗಾಜಿನ ಪೆಟ್ಟಿಗ್ಯಾಗ ಇಡ್ತಾರಂತ," ಎಂದಳು ಸ್ಫೂರ್ತಿ, ಪಟ್ಟಿ ಓದುವ ಧ್ವನಿಯಲ್ಲಿ. "ಆ ಹದಿನೈದು ದಿನದಾಗ ಹುಟ್ಟಿದ್ರ ಜೀವನಪೂರ್ತಿ ತ್ರಾಸ. ಯಾವುದು ಬೇಕು ಹೇಳು."

ಶ್ವಾಸಕೋಶ ಉಳಿಸಲೆಂದು ಶ್ವಾಸಕೋಶ ಬಲಿಯುವ ಮೊದಲೇ ಕೂಸನ್ನು ತೆಗೆಯುವುದು ನೀಲಗಂಗಾಗೆ ಒಂಥರಾ ಅನ್ನಿಸಿತ್ತು. ಆದರೆ ಯಂತ್ರಕ್ಕೆ ಗೊತ್ತಿದ್ದಷ್ಟು ತನಗೆ ಗೊತ್ತಿಲ್ಲ ಎಂದು ಸುಮ್ಮನಾಗಿದ್ದರು.

ಐದನೆಯ ಸಭೆ ಮೇ ಹದಿನೆಂಟಕ್ಕೆ, ದತ್ತಾಂಶ ಭವನದ ಮೂರನೇ ಮಹಡಿಯಲ್ಲಿ. ಅಧ್ಯಕ್ಷರು ಪದ್ಮರಾಜ ಉಪಾಧ್ಯೆ, ಯಾವ ಮಾತಿಗೂ ಬೇಡ ಎನ್ನದ ನಯಸ್ಥ. ಮುಂಗಾಣಿಯ ಉಸ್ತುವಾರಿ ವಿಜ್ಞಾನಿ ಸುಮಂತ ಕೆದಿಲಾಯನೂ ಸಮಿತಿಯಲ್ಲಿದ್ದ. ಮೂವತ್ತಮೂರರ ಹುಡುಗ, ಉಡುಪಿಯವನು, ಒಳ್ಳೆಯವನು. ತನ್ನ ಯಂತ್ರದ ಬಗ್ಗೆ ಮಾತಾಡುವಾಗ ಮಗುವಿನ ಅಂಕಪಟ್ಟಿ ತೋರಿಸುವ ಅಪ್ಪನಂತಾಗುತ್ತಿದ್ದ.

ಅವತ್ತಿನ ವಿಷಯ ಮೂರನೇ ಅಧ್ಯಾಯ. ಹಳೆಯ ಪುಸ್ತಕದಲ್ಲಿ ಅದರ ಹೆಸರು 'ದತ್ತಾಂಶ ಸಂಗ್ರಹಿಸೋಣ'. ಮಕ್ಕಳು ಟೇಪು ಹಿಡಿದು ಗೆಳೆಯರ ಎತ್ತರ ಅಳೆಯುವುದು, ಓಣಿಯ ನಲ್ಲಿಗೆ ಎಷ್ಟು ಹೊತ್ತು ನೀರು ಬಂತು ಎಂದು ಬರೆದಿಡುವುದು, ಬರೆದದ್ದರಲ್ಲಿ ತಪ್ಪು ಹುಡುಕುವುದು, ಅಂಥವೆಲ್ಲ ಅದರಲ್ಲಿದ್ದವು.

"ಎರಡು ವಾರ ಹಾಳು," ಎಂದ ಕೆದಿಲಾಯ. "ಇವತ್ತು ಯಾವ ಮಗುವೂ ಏನನ್ನೂ ಅಳೆಯಬೇಕಾಗಿಲ್ಲ. ಎಲ್ಲವೂ ಇದೆ. ಇದ್ದದ್ದನ್ನು ಹೇಗೆ ಕೇಳುವುದು ಅಂತ ಕಲಿಸಿದರೆ ಸಾಕು. ಈ ಅಧ್ಯಾಯದ ಜಾಗದಲ್ಲಿ ಜೂನ್ ಒಂದರ ಕತೆ ಹಾಕುವ. ಮನುಷ್ಯರ ಕಣ್ಣಿಗೆ ಬೀಳದ್ದನ್ನು ಯಂತ್ರ ಹೇಗೆ ಕಂಡುಹಿಡಿಯಿತು ಅಂತ ಮಕ್ಕಳಿಗೂ ಗೊತ್ತಾಗಲಿ."

ಉಪಾಧ್ಯೆಯವರು ತಲೆಯಾಡಿಸಿದರು. ಉಳಿದವರೂ ಆಡಿಸಿದರು. ಕೆದಿಲಾಯ ಗೋಡೆಯ ಮೇಲೆ ರಾಜ್ಯದ ನಕಾಶೆ ಮೂಡಿಸಿದ. ಜೂನ್ ಒಂದರಂದು ಹುಟ್ಟಿ ಉಸಿರಿನ ಕಾಯಿಲೆ ಬಂದವರೆಲ್ಲ ಕೆಂಪು ಚುಕ್ಕೆಗಳು. ಉತ್ತರದ ಮೂಲೆ ದಡಾರ ಎದ್ದ ಮೈಯಂತಿತ್ತು.

"ನಿಮ್ಮ ಕಡೆಯವರೇ ಜಾಸ್ತಿ, ಟೀಚರ್," ಎಂದು ಅವನು ಸೇಡಂ ತಾಲ್ಲೂಕನ್ನು ಹಿಗ್ಗಿಸಿದ. ಹೆಸರುಗಳಿರಲಿಲ್ಲ, ಊರು ಮತ್ತು ಹುಟ್ಟಿದ ವರ್ಷ ಮಾತ್ರ. ಪರಸಿಹಾಳ, 1998, ಒಂಬತ್ತು ಮಂದಿ. ಪರಸಿಹಾಳ, 1999, ಹದಿನಾಲ್ಕು. ಪರಸಿಹಾಳ, 2000, ಹನ್ನೆರಡು.

ಹಾಸುಗಲ್ಲಿನ ಗಣಿಗಳ ನಡುವಿನ ಆ ಪರಸಿಹಾಳ ನೀಲಗಂಗಾ ನೌಕರಿಗೆ ಸೇರಿದ ಮೊದಲ ಊರು. 2004ರಿಂದ ಮೂರು ವರ್ಷ ಅಲ್ಲಿ ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಂಡವರು ಅವರೇ.

ದಾಖಲಾತಿ ಅಭಿಯಾನ ಎಂದು ಮೇ ಕೊನೆಗೆ ಮನೆಮನೆ ತಿರುಗುತ್ತಿದ್ದರು. ಹುಟ್ಟಿದ ತಾರೀಖು ಕೇಳಿದರೆ ಕಲ್ಲು ಒಡೆಯುವ ತಾಯಂದಿರು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಿದ್ದರು. ಎಳ್ಳ ಅಮಾಸಿ ದಿನ, ಹೊಲದಾಗ ಊಟಕ್ಕ ಕುಂತಾಗ. ದೊಡ್ಡ ಖಣಿಯಾಗ ನೀರ ನುಗ್ಗಿದ ವರ್ಷ, ಹೋಳಿಹುಣ್ಣಿವಿ ಆಗಿ ಮೂರ ದಿನಕ್ಕ. ರಿಜಿಸ್ಟರಿನಲ್ಲಿ ಮಾತ್ರ ದಿನ, ತಿಂಗಳು, ವರ್ಷ ಎಂದು ಮೂರೇ ಮನೆಗಳು. ಜೂನ್ ಒಂದು ಹಾಕಿಬಿಡ್ರಿ ಅಕ್ಕೋರೆ, ಸಾಲಿ ಸುರು ಆಗೋ ದಿನ, ವಯಸ್ಸಿನ ಲೆಕ್ಕ ಸಲೀಸು ಎಂದಿದ್ದರು ಹೆಡ್‌ಮಾಸ್ತರರು. ಅವರ ಹಿಂದಿನವರೂ ಹಾಗೇ ಬರೆದಿದ್ದರು, ಪಕ್ಕದ ಊರಿನವರೂ ಹಾಗೇ ಬರೆಯುತ್ತಿದ್ದರು. ಇಪ್ಪತ್ನಾಲ್ಕು ವರ್ಷದ ನೀಲಗಂಗಾ ದುಂಡನೆಯ ಅಕ್ಷರದಲ್ಲಿ ಬರೆದರು. ಅಕ್ಷರ ಚೆಂದ ಎಂದು ಇನ್‌ಸ್ಪೆಕ್ಟರು ಹೊಗಳಿಯೂ ಹೋದರು.

ನೀಲಗಂಗಾ ಚಹಾದ ಲೋಟ ಕೆಳಗಿಟ್ಟರು.

"ಆ ದಿನ ಒಟ್ಟು ಎಷ್ಟ ಮಂದಿ ಹುಟ್ಯಾರ ಅಂತ ಕೇಳೀರೇನು?" ಎಂದರು.

"ಒಟ್ಟು ಸಂಖ್ಯೆ ಬೇಕಾಗುವುದಿಲ್ಲ ಟೀಚರ್. ಮುಂಗಾಣಿ ಅನುಪಾತ ಕೊಡ್ತದೆ. ನೂರಕ್ಕೆ ಎಷ್ಟು ಅಂತ."

"ಬ್ಯಾಡಂದ್ರೂ ಒಮ್ಮಿ ಕೇಳ್ರಿ. ಆ ತಾರೀಖು ನಾ ಬರದದ್ದು. ಆ ಮಕ್ಕಳು ಅವತ್ತ ಹುಟ್ಟಿಲ್ಲ."

ಒಂದಿಬ್ಬರು ನಕ್ಕರು. ಉಪಾಧ್ಯೆಯವರು ಊಟದ ಹೊತ್ತಾಯಿತು ಎಂದು ನೆನಪಿಸಿದರು. ಕೆದಿಲಾಯ ಮಾತ್ರ ನಗಲಿಲ್ಲ, ನಂಬಲೂ ಇಲ್ಲ. ಜನರ ಕಚ್ಚಾ ದಾಖಲೆ ತೆಗೆಯಬೇಕಾದರೆ ಲಿಖಿತ ಕಾರಣ ಬೇಕು, ಕಾರಣಕ್ಕೆ ಪುರಾವೆ ಬೇಕು, ಒಬ್ಬರ ನೆನಪು ಪುರಾವೆಯಲ್ಲ ಎಂದು ಮರ್ಯಾದೆಯಿಂದಲೇ ಹೇಳಿದ. ಅದು ನಿಯಮವೂ ಆಗಿತ್ತು.

ಮನೆಗೆ ಬಂದು ನೀಲಗಂಗಾ ಮಗಳಿಗೆ ಎಲ್ಲ ಹೇಳಿದರು. ಸ್ಫೂರ್ತಿ ಕೂಸಿನ ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಕೇಳಿದಳು.

"ನೀ ಒಬ್ಬಾಕಿ ಬರದ್ರ ರಾಜ್ಯದ ಲೆಕ್ಕ ತಪ್ಪತದೇನವ್ವಾ?"

"ನಾ ಒಬ್ಬಾಕೇ ಅಲ್ಲ. ಎಲ್ಲಾರೂ ಬರೀತಿದ್ದೆವು."

"ತಪ್ಪಂತ ಗೊತ್ತಿದ್ದೂ?"

"ತಪ್ಪಂತ ಅನಿಸೇ ಇರಲಿಲ್ಲ. ಯಾರಿಗಿ ಏನ ಬಾಧಿ ಆಗ್ತದ, ಒಂದು ತಾರೀಖು ಅಷ್ಟೇ ಅಂತಿದ್ದೆವು."

ಸ್ಫೂರ್ತಿ ಬಟ್ಟೆ ಬಿಟ್ಟು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅವಳಿಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. "ನಿನ್ನ ಮಾತ ನಂಬಿ ನಾ ಬುಧವಾರ ದವಾಖಾನಿಗಿ ಹೋಗಲ್ಲ ಅಂತಿಟ್ಟುಕೋ. ನಾಳಿ ನೀ ಹೇಳಿದ್ದೇ ತಪ್ಪಾದ್ರ? ಹೋದೆ ಅಂತಿಟ್ಟುಕೋ, ಕೂಸಿಗಿ ಉಸಿರ ಹಿಡೀಲಿಲ್ಲಂದ್ರ? ಯಾವುದಕ್ಕೂ ನಾನ ಹೊಣಿ. ನಿನಗೇನು, ಹೇಳಿ ಕುಂತಿ."

ಮಾತು ನೆಟ್ಟಗೆ ನಾಟಿತು. ನೀಲಗಂಗಾ ವಾದಿಸಲಿಲ್ಲ. ಮೂರು ದಿನ ಕೊಡು ಎಂದಷ್ಟೇ ಕೇಳಿ, ಮರುದಿನ ಬೆಳಿಗ್ಗೆಯ ರೈಲು ಹತ್ತಿದರು.

ಪರಸಿಹಾಳದ ಶಾಲೆಗೆ ಈಗ ಹೊಸ ಕಟ್ಟಡ, ಪ್ರತಿ ಮಗುವಿಗೆ ಒಂದು ಪರದೆ. ಬೇಸಿಗೆ ರಜೆ, ಬೀಗ. ಕೀಲಿ ಶಾಲಾ ಸಮಿತಿಯ ಅಧ್ಯಕ್ಷ ಸಾಬಣ್ಣನ ಹತ್ತಿರ ಇತ್ತು. ಅವನು ಬಾಗಿಲು ತೆಗೆಯುವ ಮೊದಲು ಕಟ್ಟೆಯ ಮೇಲೆ ಕೂತು ಎರಡು ಸಲ ಕೆಮ್ಮಿ ಉಸಿರು ತಂದುಕೊಂಡ. ನಲವತ್ತಮೂರಕ್ಕೆ ಅರವತ್ತರವನಂತೆ ಕಾಣುತ್ತಿದ್ದ. ಒಂದನೇ ತರಗತಿಗೆ ಅವನನ್ನು ಸೇರಿಸಿಕೊಂಡ ದಿನ ಅವನು ಅಳುತ್ತ ರಿಜಿಸ್ಟರಿನ ಮೇಲೆ ಮೂಗು ಒರೆಸಿದ್ದು ನೀಲಗಂಗಾಗೆ ನೆನಪಿತ್ತು.

"ಏನ ಆಗ್ಯಾದೋ ಸಾಬಣ್ಣ?"

"ಖಣಿ ಧೂಳ ಅಕ್ಕೋರೆ, ಮತ್ತೇನು. ಹದಿನೈದು ವರ್ಷ ಕಲ್ಲ ಕೊರದೀನಿ. ಮೊದಲ ವಾರಕ್ಕೊಮ್ಮಿ ಧೂಳಿನ ದವಾಖಾನಿ ಗಾಡಿ ಬರ್ತಿತ್ತು. ಈಗ ನಿಂದ್ರಿಸ್ಯಾರ. ಧೂಳಿಂದು ಅಲ್ಲಂತ, ಹುಟ್ಟಿದ ದಿನದ್ದಂತ. ಹುಟ್ಟಿದ ದಿನಕ್ಕ ಔಷಧಿ ಎಲ್ಲಿಂದ ತರ್ತಾರ?" ಅವನು ತಮಾಷೆಯಾಗಿಯೇ ಹೇಳಿದ. "ನಾ ಹುಟ್ಟಿದ್ದರೆ ಎಳ್ಳ ಅಮಾಸಿ ದಿನ. ನಮ್ಮವ್ವ ಸಾಯೋ ತನಕ ಹೇಳತಿದ್ಳು."

"ಮತ್ತ ಯಾರಿಗೂ ಹೇಳಲಿಲ್ಲೇನು ನೀನು?"

"ಹೇಳ್ದೆ. ಕಾಗದದಾಗ ಹಂಗಿಲ್ಲ ಅಂದ್ರು. ಅಕ್ಕೋರು ಬರದದ್ದು ಸುಳ್ಳಿರ್ತದೇನು ಅಂತ ನಾನೂ ಸುಮ್ಮನಾದೆ."

ನೀಲಗಂಗಾಗೆ ಅಳು ಬಂತು. ವಿದ್ಯಾರ್ಥಿಯ ಎದುರು ಅಳಬಾರದೆಂದು ಕಪಾಟಿನ ಕಡೆ ತಿರುಗಿದರು. ರಿಜಿಸ್ಟರು ಅಲ್ಲೇ ಕೆಳಗಿನ ಅರೆಯಲ್ಲಿತ್ತು, ಅಂಚು ಗೆದ್ದಲು ತಿಂದಿತ್ತು. ಮೂರು ವರ್ಷ, ನಲವತ್ತೊಂದು ಮಕ್ಕಳು, ನಲವತ್ತೊಂದೂ ಜೂನ್ ಒಂದು, ಎಲ್ಲ ಅವರದೇ ದುಂಡನೆಯ ಅಕ್ಷರ. ಸಾಬಣ್ಣ ಊರಲ್ಲಿದ್ದ ಹನ್ನೊಂದು ಮಂದಿಯನ್ನು ಕರೆಸಿದ. ಪ್ರತಿಯೊಬ್ಬರೂ ತಮ್ಮ ತಾಯಿ ಹೇಳಿದ್ದ ದಿನ ಹೇಳಿ, ಬಿಳಿ ಹಾಳೆಯ ಮೇಲೆ ಸಹಿ ಹಾಕಿದರು. ಹಬ್ಬ ಹುಣ್ಣಿಮೆಗಳನ್ನು ಹಳೆಯ ಪಂಚಾಂಗ ಹಿಡಿದು ತಾರೀಖು ಮಾಡಿದಾಗ ಹನ್ನೊಂದರಲ್ಲಿ ಒಂದೂ ಜೂನ್‌ನಲ್ಲಿ ಬೀಳಲಿಲ್ಲ.

ಮೇ ಇಪ್ಪತ್ತೊಂದರ ಮಧ್ಯಾಹ್ನ ಅವರು ದತ್ತಾಂಶ ಭವನಕ್ಕೆ ಬಂದು ರಿಜಿಸ್ಟರನ್ನೂ ಹಾಳೆಯನ್ನೂ ಕೆದಿಲಾಯನ ಮೇಜಿನ ಮೇಲಿಟ್ಟರು. ಅವನು ನಿಧಾನವಾಗಿ ಪುಟ ತಿರುವಿದ. ಕೈಬರಹದ ದಾಖಲೆಯನ್ನು ಅವನು ಮುಟ್ಟಿದ್ದು ಅದೇ ಮೊದಲಂತೆ. ಒಂದೇ ತಾರೀಖು ಸಾಲಾಗಿ ಇಳಿದದ್ದನ್ನು ನೋಡಿ ಕುರ್ಚಿ ಬಿಟ್ಟು ಎದ್ದ.

ನೆಲಮಾಳಿಗೆಯ ನಿಯಂತ್ರಣ ಕೋಣೆಯಲ್ಲಿ ನಾಲ್ವರು ಕೂತಿದ್ದರು, ಎಲ್ಲರೂ ಆಸ್ಪತ್ರೆಯಲ್ಲಿ ಹುಟ್ಟಿ ಅವತ್ತೇ ಪ್ರಮಾಣಪತ್ರ ಪಡೆದ ಪೀಳಿಗೆಯವರು. ಕೆದಿಲಾಯ ಕಾರಣ ಬರೆದು, ಸಹಿ ಮಾಡಿ, ಮುಂಗಾಣಿಗೆ ಕೇಳಿದ: ಮೂವತ್ತೈದು ದಾಟಿದವರಲ್ಲಿ ವರ್ಷದ ಯಾವ ದಿನ ಎಷ್ಟು ಮಂದಿ ಹುಟ್ಟಿದ್ದಾರೆ?

ಉತ್ತರ ಬರಲು ಎರಡು ಸೆಕೆಂಡೂ ಬೇಕಾಗಲಿಲ್ಲ. ಗೋಡೆಯ ಮೇಲೆ ಮುನ್ನೂರ ಅರವತ್ತಾರು ಗೆರೆಗಳು ಎದ್ದವು. ಹೆಚ್ಚುಕಡಿಮೆ ಎಲ್ಲ ದಿನವೂ ತೊಂಬತ್ತು ಸಾವಿರದ ಆಸುಪಾಸು. ಜನವರಿ ಒಂದಕ್ಕೆ ಸ್ವಲ್ಪ ಎತ್ತರ. ಜೂನ್ ಒಂದರ ಗೆರೆ ಮಾತ್ರ ಪರದೆಯಲ್ಲಿ ಹಿಡಿಸದೆ ಮೇಲೆ ಕತ್ತರಿಸಿಹೋಗಿತ್ತು. ಅದರ ಪಕ್ಕ ಹನ್ನೊಂದು ಲಕ್ಷ ಎಂದಿತ್ತು.

"ಒಂದೇ ದಿನ ಹನ್ನೊಂದು ಲಕ್ಷ ಹೆರಿಗೆ ಆಗ್ಲಿಕ್ಕುಂಟಾ?" ಎಂದು ಕೆದಿಲಾಯ ತನ್ನಷ್ಟಕ್ಕೇ ಕೇಳಿಕೊಂಡ.

ಆಮೇಲೆ ಅವನು ಇನ್ನೊಂದು ಪ್ರಶ್ನೆ ಹಾಕಿದ. ಅವರಲ್ಲಿ ಆಸ್ಪತ್ರೆಯಲ್ಲೇ ಹುಟ್ಟಿದ ದಾಖಲೆ ಇರುವವರನ್ನು ಮಾತ್ರ ಬೇರೆ ಮಾಡು, ಅವರಿಗೆ ಉಸಿರಿನ ಕಾಯಿಲೆ ಎಷ್ಟು ಹೆಚ್ಚು? ಏನೂ ಹೆಚ್ಚಿಲ್ಲ ಎಂದಿತು ಯಂತ್ರ. ಮಿಕ್ಕವರು ಮನೆಯಲ್ಲಿ, ಗುಡಿಸಿಲಲ್ಲಿ, ಗಣಿಯ ಅಂಚಿನಲ್ಲಿ ಹುಟ್ಟಿದವರು. ಬೆಳೆದು ಕಲ್ಲು ಕೊರೆದವರು, ಇಟ್ಟಿಗೆ ಸುಟ್ಟವರು, ಸುಣ್ಣದ ಭಟ್ಟಿಯಲ್ಲಿ ದುಡಿದವರು. ಮುಂಗಾಣಿ ಕಂಡುಹಿಡಿದದ್ದು ಅವರ ಬಡತನವನ್ನು. ತಾರೀಖು ಆ ಬಡತನಕ್ಕೆ ಶಾಲೆ ಹಚ್ಚಿದ ಗುರುತು.

"ಮೂರು ವರ್ಷ ನಾವು ಇದನ್ನು ಕೇಳಲೇ ಇಲ್ಲ ಟೀಚರ್," ಎಂದ ಅವನು. "ಎಷ್ಟು ಮಕ್ಕಳನ್ನು ಮುಂಚೆಯೇ ತೆಗೆಸಿದೆವೋ."

"ನೀವು ಕೇಳಲಿಲ್ಲ, ನಾವು ಹೇಳಲಿಲ್ಲ," ಎಂದರು ನೀಲಗಂಗಾ. ಅವನ ಬಗ್ಗೆ ಅವರಿಗೆ ಕನಿಕರವೇ ಆಯಿತು. "ನಾಳಿ ಬುಧವಾರ ನನ್ನ ಮಗಳಿಂದು ಆಪರೇಷನ್ ಅದರಿ. ಮೊದಲ ಆ ಸಲಹಾ ನಿಂದ್ರಿಸೋ ಚೀಟಿ ಬರೀರಿ."

ಅವನು ಬರೆದ. ಸಂಜೆಯೊಳಗೆ ಎಲ್ಲ ಆಸ್ಪತ್ರೆಗಳಿಗೂ ಸಲಹೆ ತಡೆಹಿಡಿಯಲಾಗಿದೆ ಎಂಬ ಸೂಚನೆ ಹೋಯಿತು. ಧೂಳಿನ ದವಾಖಾನೆ ಗಾಡಿ ಮತ್ತೆ ಓಡಿಸಬೇಕೆಂದು ಇನ್ನೊಂದು ಪತ್ರವೂ ಹೋಯಿತು, ಅದು ಯಾರ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೋ ಅವನೂ ಹೇಳಲಾರ. ಮೂರನೇ ಅಧ್ಯಾಯ ಪುಸ್ತಕದಲ್ಲೇ ಉಳಿಯಲಿ ಎಂದು ಉಪಾಧ್ಯೆಯವರು ಒಪ್ಪಿದರು. ನೀಲಗಂಗಾ ಅದನ್ನು ಹೊಸದಾಗಿ ಬರೆದುಕೊಡಬೇಕು, ಆದಷ್ಟು ಬೇಗ, ಮುದ್ರಣಕ್ಕೆ ತಡವಾಗುತ್ತದೆ ಎಂದರು.

ತಡೆಹಿಡಿದದ್ದೇನೋ ಸರಿ, ಬೇಡ ಎಂದೂ ಹೇಳಿಲ್ಲ, ನಿರ್ಧಾರ ನಿಮ್ಮದು ಎಂದರು ಆಸ್ಪತ್ರೆಯ ಡಾಕ್ಟರು. ಸ್ಫೂರ್ತಿ ತಾಯಿಯ ಬ್ಯಾಗಿನಿಂದ ರಿಜಿಸ್ಟರು ತೆಗೆದು ಬಹಳ ಹೊತ್ತು ನೋಡಿದಳು. ಮಂಗಳವಾರ ಊಟ ಮಾಡಲಿಲ್ಲ. ಬುಧವಾರ ಒಂಬತ್ತು ಗಂಟೆಗೆ ಅವಳು ಅಡುಗೆಮನೆಯಲ್ಲಿ ನಿಂತು ಸೊಪ್ಪು ಸೋಸುತ್ತಿದ್ದಳು. ಹತ್ತಾದ ಮೇಲೆ ಕುರ್ಚಿಗೆ ಕುಸಿದು ಕೂತಳು. ಇಪ್ಪತ್ತೈದನೇ ತಾರೀಖು ದಾಟಿದ ಮೇಲೆ ಮಗಳು ಕೆಮ್ಮಿದರೂ ತಾಯಿಯ ಎದೆ ಹಾರುತ್ತಿತ್ತು. ತಾನು ಹೇಳಿದ್ದು ನಿಜವೆಂದು ಗೊತ್ತಿದ್ದೂ ನೀಲಗಂಗಾಗೆ ಹೆದರಿಕೆ ಹೋಗಲಿಲ್ಲ.

ಜೂನ್ ಒಂದು, ಶನಿವಾರ. ಬೆಳಗಿನ ಚಹಾ ಹೊತ್ತಿಗೆ ಸ್ಫೂರ್ತಿಗೆ ನೋವು ಶುರುವಾಯಿತು. ಹನ್ನೊಂದೂ ಇಪ್ಪತ್ತಕ್ಕೆ ಹೆಣ್ಣುಕೂಸು ಹುಟ್ಟಿತು, ಮೂರು ಕೇಜಿಗೆ ಸ್ವಲ್ಪ ಕಡಿಮೆ. ಉಸಿರು ಹಿಡಿಯಿತೇ ಎಂದು ಕೇಳುವ ಅಗತ್ಯ ಬೀಳಲಿಲ್ಲ, ಅದರ ಅಳು ಕಾರಿಡಾರಿನ ಆ ತುದಿಗೆ ಕೇಳಿಸುತ್ತಿತ್ತು. ನೀಲಗಂಗಾ ಬಾಗಿಲಲ್ಲೇ ನಿಂತು ಗಡಿಯಾರ ನೋಡಿದ್ದರು. ಆಮೇಲೆ ಗೋಡೆಗೆ ಒರಗಿ, ಯಾರನ್ನೂ ಲೆಕ್ಕಿಸದೆ ಅತ್ತುಬಿಟ್ಟರು.

ಮೂರು ಗಂಟೆಗೆ ಜನನ ನೋಂದಣಿ ಮಾಡಿಸಲು ಕೆಳಗಿಳಿದರು. ಕೌಂಟರಿನಲ್ಲಿ ಇಪ್ಪತ್ತೆರಡರ ಆಸುಪಾಸಿನ ಹುಡುಗಿ, ಚುರುಕಾಗಿದ್ದಳು. ತಾಯಿಯ ಹೆಸರು, ತೂಕ, ರಕ್ತದ ಗುಂಪು ಹಾಕಿದಳು. ತಾರೀಖು ಹಾಕಿದಳು. ಪರದೆ ಕೆಂಪಗಾಯಿತು. ಮತ್ತೆ ಹಾಕಿದಳು, ಮತ್ತೆ ಕೆಂಪಗಾಯಿತು.

"ಇದು ತೊಗೊಳ್ಳವಲ್ದ್ರಿ," ಎಂದಳು. "ಈ ದಿನಾಂಕ ನಂಬಲರ್ಹವಲ್ಲ, ಬೇರೆ ದಿನಾಂಕ ಆರಿಸಿ ಅಂತ ಬರ್ತದ. ನಿನ್ನೆಯಿಂದ ಹೊಸಾ ನಿಯಮ ಬಂದದ ನೋಡ್ರಿ. ಜೂನ್ ಒಂದು ಯಾವುದಿದ್ರೂ ಸುಳ್ಳಂತ."

ನೀಲಗಂಗಾಗೆ ಅರ್ಥವಾಯಿತು. ಭವನದವರು ತಪ್ಪು ತಿದ್ದಿದ್ದರು, ಸರಕಾರಿ ಕೆಲಸಕ್ಕೆ ಅಪರೂಪವಾದ ಚುರುಕಿನಿಂದ. ಆ ದಿನಾಂಕವನ್ನು ನಂಬಬೇಡ ಎಂದು ಯಂತ್ರಕ್ಕೆ ಹೇಳಿದ್ದರು. ಯಂತ್ರ ನಂಬುವುದನ್ನು ಬಿಟ್ಟಿತ್ತು.

"ಕೂಸು ಇವತ್ತ ಹುಟ್ಯಾದ. ಮ್ಯಾಲಿನ ಕ್ವಾಣ್ಯಾಗ ಅದ. ಬಂದು ನೋಡು."

"ನನಗ ಗೊತ್ತಾತ್ರಿ. ಅದಕ್ಕ ಹೆಂಗ ಗೊತ್ತಾಗಬೇಕು? ಮೇ ಮೂವತ್ತೊಂದು ಹಾಕ್ತೀನಿ ತಗೋರಿ. ಒಂದ ದಿನದ ಫರಕು, ಯಾರ ಕೇಳ್ತಾರ?" ಹುಡುಗಿಯ ದನಿಯಲ್ಲಿ ಉಪಕಾರ ಮಾಡುವ ಅಕ್ಕರೆಯಿತ್ತು. ಬೆರಳು ಆಗಲೇ ಕೀಲಿಯ ಮೇಲಿತ್ತು.

"ಕೈ ತಗಿ," ಎಂದರು ನೀಲಗಂಗಾ. ತರಗತಿಯಲ್ಲಿ ಬಳಸುತ್ತಿದ್ದ ಧ್ವನಿ ಅದು. ಹುಡುಗಿ ಕೈ ತೆಗೆದಳು.

"ಒಂದು ಬಿಳಿ ಹಾಳಿ ಕೊಡು."

ಹಾಳೆ ಕೊಟ್ಟಳು. ನೀಲಗಂಗಾ ಬರೆದರು: ಹುಟ್ಟಿದ್ದು 1 ಜೂನ್ 2041, ಬೆಳಿಗ್ಗೆ 11.20. ನೋಡಿದವರು ನೀಲಗಂಗಾ, ಕೂಸಿನ ಅಜ್ಜಿ. ಬಾಗಿಲಲ್ಲಿ ನಿಂತು, ಗೋಡೆಯ ಗಡಿಯಾರ ನೋಡಿ ಬರೆದದ್ದು. ಅಕ್ಷರ ಈಗ ಅಷ್ಟು ದುಂಡಗಿರಲಿಲ್ಲ.

ಹುಡುಗಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದನ್ನ ಎಲ್ಲಿ ಹಾಕಲ್ರಿ? ಯಾರು ನೋಡ್ಯಾರ ಅಂತ ಬರಿಯಾಕ ಇದರಾಗ ಜಾಗಾನ ಇಲ್ಲ."

"ಇಲ್ಲಂತ ಮ್ಯಾಲಿನವರಿಗಿ ಬರದು ಕಳಸು."

"ಹಂಗ ಬರೀಬಹುದೇನ್ರಿ? ನಮಗ ಸಾಲ್ಯಾಗ ಯಾರೂ ಹೇಳಿಕೊಟ್ಟಿಲ್ಲ."

"ಗೊತ್ತದ," ಎಂದರು ನೀಲಗಂಗಾ. ಮೂಲೆಯಲ್ಲಿದ್ದ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಹೋಗಿ ಕೂತರು. "ಬರಿ, ನಾ ಹೇಳ್ತೀನಿ. ಮೊದಲ ನಿನ್ನ ಹೆಸರ ಹಾಕು."